ಕ್ರೆಡಿಟ್ ಕಾರ್ಡ್ ಅರ್ಜಿ ಕೆವೈಸಿಯಲ್ಲಿ ಸಿಕ್ಕಿಹಾಕಿಕೊಳ್ಳದಿರಲು: ಹೆಸರಿನ ಇನಿಷಿಯಲ್‌ನಿಂದ ವಿಡಿಯೋ ಕಾಲ್‌ವರೆಗೆ

ಕಳೆದ ವರ್ಷ ನನ್ನ ಕ್ರೆಡಿಟ್ ಕಾರ್ಡ್ ಅರ್ಜಿ ಎರಡು ಸಲ ವಾಪಸ್ ಬಂತು. ಸಂಬಳದಲ್ಲಿ ತೊಂದರೆ ಇರಲಿಲ್ಲ. ಸಿಬಿಲ್ ಸ್ಕೋರ್, ಅಂದರೆ ಸಾಲ ತೀರಿಸುವ ಅಭ್ಯಾಸಕ್ಕೆ ಸಿಗುವ ಅಂಕ, ಚೆನ್ನಾಗಿಯೇ ಇತ್ತು. ಮೊದಲ ಸಲ ಅಡ್ಡ ಬಂದಿದ್ದು ಹೆಸರಿನ ಕೊನೆಯ ಒಂದು 'ಎ' ಅಕ್ಷರ. ಎರಡನೇ ಸಲ ಅಡ್ಡ ಬಂದಿದ್ದು ನನ್ನ ಹೆಂಡತಿ. ಆ ಕತೆ ಮುಂದೆ ಬರುತ್ತದೆ.

ಕಾರ್ಡ್ ಸಿಗಲಿಲ್ಲ ಅಂದ ತಕ್ಷಣ ನಾವೆಲ್ಲ ಸ್ಕೋರ್ ನೋಡಲು ಓಡುತ್ತೇವೆ. ಆದರೆ ಬ್ಯಾಂಕಿಗೆ ಇರುವುದು ಎರಡು ಪ್ರಶ್ನೆ. ಈ ಮನುಷ್ಯ ದುಡ್ಡು ಕಟ್ಟುತ್ತಾನಾ ಅನ್ನುವುದು ಒಂದು. ಈ ಮನುಷ್ಯ ನಿಜವಾಗಿಯೂ ಇವನೇನಾ ಅನ್ನುವುದು ಇನ್ನೊಂದು. ಈ ಎರಡನೆಯ ಪರೀಕ್ಷೆಗೇ, ಅಂದರೆ ಗ್ರಾಹಕರ ಗುರುತು ಪರಿಶೀಲನೆಗೇ, ಕೆವೈಸಿ ಅನ್ನುವುದು. ಅದಕ್ಕೆ ಉತ್ತರ ಕೊಡುವುದು ನಮ್ಮ ಕಾಗದಪತ್ರ. ಅವು ಒಂದಕ್ಕೊಂದು ಹೊಂದದಿದ್ದರೆ ಎಷ್ಟು ಸಂಬಳ ಇದ್ದರೂ ಪ್ರಯೋಜನ ಇಲ್ಲ. ಹಾಗಾಗಿ ಅರ್ಜಿ ತುಂಬುವುದು ಕೊನೆಯ ಕೆಲಸ. ಅದಕ್ಕೆ ಮುಂಚಿನ ಕೆಲಸವೇ ಜಾಸ್ತಿ.

ಒಟಿಪಿ ಕೊಟ್ಟೆನಲ್ಲ, ಇನ್ನೇನು ಬೇಕು?

ಎಲ್ಲರೂ ಕೇಳುವ ಪ್ರಶ್ನೆ ಇದು. ಆಧಾರ್ ಒಟಿಪಿ ಹಾಕಿದ ಮೇಲೂ ವಿಡಿಯೋ ಕಾಲ್ ಯಾಕೆ, ಮನೆಗೆ ಜನ ಯಾಕೆ?

ಮುಖ ನೋಡದೆ ಬರೀ ಆಧಾರ್ ಒಟಿಪಿಯಿಂದ ತೆರೆದ ಖಾತೆಗೆ ರಿಸರ್ವ್ ಬ್ಯಾಂಕ್ ಹಗ್ಗ ಬಿಗಿದಿದೆ. ಸಾಲ ಅಂತ ಕೊಡುವುದಾದರೆ ಅವಧಿ ಸಾಲ (ಇಂತಿಷ್ಟು ಸಮಯದಲ್ಲಿ ತೀರಿಸಬೇಕು ಅಂತ ಕೊಡುವ ಸಾಲ) ಮಾತ್ರ, ಅದೂ ವರ್ಷಕ್ಕೆ 60,000 ರೂಪಾಯಿ ಮೀರುವಂತಿಲ್ಲ. ಕ್ರೆಡಿಟ್ ಕಾರ್ಡ್ ಅವಧಿ ಸಾಲ ಅಲ್ಲ. ಆದ್ದರಿಂದ ಬ್ಯಾಂಕಿನವರು ನಿಮ್ಮ ಮುಖ ನೋಡಲೇಬೇಕು. ಮನೆಗೆ ಬಂದು ನೋಡಬೇಕು, ನೀವು ಶಾಖೆಗೆ ಹೋಗಬೇಕು, ಇಲ್ಲವೇ ವಿಡಿಯೋದಲ್ಲಿ ನೋಡಬೇಕು. ವಿಡಿಯೋ ಕೆವೈಸಿಗೆ ರಿಸರ್ವ್ ಬ್ಯಾಂಕ್ ಒಪ್ಪಿಗೆ ಕೊಟ್ಟಿದ್ದು 2020ರ ಜನವರಿಯಲ್ಲಿ. ಈಗ ಹೆಚ್ಚಿನ ಕಾರ್ಡ್‌ಗಳು ಅದೇ ದಾರಿಯಲ್ಲಿ ಬರುತ್ತವೆ.

ಈಗಾಗಲೇ ಖಾತೆ ಇರುವ ಬ್ಯಾಂಕಿನಲ್ಲೇ ಕಾರ್ಡ್ ಕೇಳಿದರೆ ಈ ರಗಳೆ ಎಷ್ಟೋ ಕಡಿಮೆ. ಕೆವೈಸಿ ಅವರ ಹತ್ತಿರ ಮೊದಲೇ ಇರುತ್ತದೆ. ಮೊದಲ ಕಾರ್ಡ್ ಆದರೆ ನನ್ನ ಸಲಹೆ ಇದೇ: ಸಂಬಳ ಬರುವ ಬ್ಯಾಂಕಿನಲ್ಲೇ ಮೊದಲು ಕೇಳಿ.

ಹಂತ 1: ಹೆಸರನ್ನು ಒಂದು ಮಾಡಿ

ಇದಕ್ಕೆ ಸ್ವಲ್ಪ ಸಮಯ ಕೊಡಿ. ಕರ್ನಾಟಕದವರಿಗೆ ಬರುವ ತೊಂದರೆಯಲ್ಲಿ ಅರ್ಧಕ್ಕರ್ಧ ಇಲ್ಲೇ ಇರುತ್ತದೆ ಅಂತ ನನ್ನ ಅನುಭವ.

ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಸಂಬಳದ ಚೀಟಿ, ನಾಲ್ಕನ್ನೂ ಮೇಜಿನ ಮೇಲೆ ಸಾಲಾಗಿ ಇಡಿ. ಇಂಗ್ಲಿಷಿನಲ್ಲಿ ಬರೆದಿರುವ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ. ಕನ್ನಡದಲ್ಲಿ ಮಂಜುನಾಥ ಅನ್ನುವುದು ಒಂದೇ ಹೆಸರು. ಇಂಗ್ಲಿಷಿನಲ್ಲಿ ಒಂದು ಕಡೆ ಕೊನೆಗೆ 'ಎ' ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ಲಕ್ಷ್ಮಿಗೆ ಒಂದು ಕಡೆ 'ಕೆ ಎಸ್ ಎಚ್', ಇನ್ನೊಂದು ಕಡೆ ಬರೀ 'ಎಕ್ಸ್'. ಮಂಡ್ಯದ ಗೌಡರಿಗೆ 'ಡಬ್ಲ್ಯು', ಬೆಳಗಾವಿಯ ಗೌಡರಿಗೆ 'ಯು'. ಕೆಲವೊಮ್ಮೆ ಒಬ್ಬರಿಗೇ ಎರಡೂ ಇರುತ್ತವೆ. ನನ್ನ ಆಧಾರ್‌ನಲ್ಲಿ ಆ ಕೊನೆಯ 'ಎ' ಇರಲಿಲ್ಲ, ಪ್ಯಾನ್‌ನಲ್ಲಿ ಇತ್ತು. ಹದಿನೈದು ವರ್ಷ ಯಾರೂ ಕೇಳದ ಅಕ್ಷರ ಅದು!

ಇನಿಷಿಯಲ್ ಕಾಟ ಇದಕ್ಕಿಂತ ದೊಡ್ಡದು. ನಮ್ಮಲ್ಲಿ ಸರ್‌ನೇಮ್ ಅನ್ನುವುದೇ ಎಷ್ಟೋ ಮನೆಗಳಲ್ಲಿ ಇಲ್ಲ. ಊರಿನ ಮೊದಲ ಅಕ್ಷರ, ಅಪ್ಪನ ಹೆಸರಿನ ಮೊದಲ ಅಕ್ಷರ, ಆಮೇಲೆ ನಮ್ಮ ಹೆಸರು. ಆಧಾರ್‌ನಲ್ಲಿ ಇದು ಹಾಗೇ ನಡೆಯುತ್ತದೆ. ಪ್ಯಾನ್ ಅರ್ಜಿ ಇನಿಷಿಯಲ್ ಒಪ್ಪುವುದಿಲ್ಲ, ಬಿಡಿಸಿ ಬರೆಯಿರಿ ಅನ್ನುತ್ತದೆ. ಆಗ ಆಧಾರ್‌ನ 'ಕೆ. ಎಸ್. ಮಂಜುನಾಥ' ಪ್ಯಾನ್‌ನಲ್ಲಿ 'ಮಂಜುನಾಥ ಕೋಡಿಹಳ್ಳಿ ಶಿವಣ್ಣ' ಆಗುತ್ತಾನೆ. ಇಬ್ಬರೂ ಒಬ್ಬನೇ ಅಂತ ನಮಗೆ ಗೊತ್ತು, ಕಂಪ್ಯೂಟರಿಗೆ ಗೊತ್ತಾಗಬೇಕಲ್ವಾ?

ಯಾವುದನ್ನು ತಿದ್ದಿಸಬೇಕು? ನಾನು ಪಾಲಿಸುವ ಲೆಕ್ಕ ಹೀಗಿದೆ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವನದಲ್ಲಿ ಎರಡೇ ಅವಕಾಶ. ಹುಟ್ಟಿದ ದಿನಕ್ಕೆ ಒಂದೇ. ಅದನ್ನು ಸುಮ್ನೆ ಖರ್ಚು ಮಾಡಬೇಡಿ. ಪ್ಯಾನ್‌ನಲ್ಲಿ ಸ್ಪೆಲ್ಲಿಂಗ್ ತಪ್ಪಿದ್ದರೆ ಪ್ಯಾನ್ ತಿದ್ದಿಸಿ. ಪ್ಯಾನ್ ಕೆಲಸ ಮಾಡಿಕೊಡುವ ಪ್ರೋಟಿಯನ್ ಅಥವಾ ಯುಟಿಐಐಟಿಎಸ್‌ಎಲ್ ಕಂಪನಿಯ ಜಾಲತಾಣದಲ್ಲಿ ಮನೆಯಲ್ಲೇ ಕೂತು ಅರ್ಜಿ ಹಾಕಬಹುದು. ಸ್ಪೆಲ್ಲಿಂಗ್ ಸರಿ ಇದ್ದು ತೊಂದರೆ ಬರೀ ಇನಿಷಿಯಲ್‌ದು ಆದರೆ, ಪ್ಯಾನ್‌ನಲ್ಲಿ ಇರುವಂತೆ ಆಧಾರ್‌ನಲ್ಲೇ ಹೆಸರು ಬಿಡಿಸಿ ಬರೆಸಿ. ಏನೇ ಮಾಡುವ ಮುಂಚೆ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ತೆಗೆದು ನೋಡಿ. ಮುಂದೆ ಪಾಸ್‌ಪೋರ್ಟ್, ಪಿಂಚಣಿ ಅಂತ ಹೋದಾಗ ಎಲ್ಲರೂ ಅದನ್ನೇ ಕೇಳುತ್ತಾರೆ.

ಹುಟ್ಟಿದ ದಿನವನ್ನೂ ನೋಡಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆಸಿದ ಜೂನ್ 1 ಎಷ್ಟು ಜನರ ಹುಟ್ಟುಹಬ್ಬವಾಗಿದೆಯೋ! ಅದೇ ದಿನ ಎಲ್ಲ ಕಡೆ ಇದ್ದರೆ ಚಿಂತೆ ಇಲ್ಲ. ಕೆಲವು ಹಳೆಯ ಆಧಾರ್ ಕಾರ್ಡ್‌ಗಳಲ್ಲಿ ಬರೀ ಇಸವಿ ಇರುತ್ತದೆ, ಪ್ಯಾನ್‌ನಲ್ಲಿ ಪೂರ್ತಿ ತಾರೀಖು ಇರುತ್ತದೆ. ಅಲ್ಲಿ ಸಿಕ್ಕಿಕೊಳ್ಳುತ್ತದೆ.

ಮದುವೆ ಆದಮೇಲೆ ಹೆಸರು ಬದಲಾದ ಹೆಣ್ಣುಮಕ್ಕಳಿಗೆ ಒಂದು ಮಾತು. ಹಳೆಯ ಹೆಸರಿನ ದಾಖಲೆಯನ್ನೂ ಬ್ಯಾಂಕ್ ಒಪ್ಪಬಹುದು ಅಂತ ಕೆವೈಸಿ ನಿಯಮದಲ್ಲೇ ಇದೆ. ಜೊತೆಗೆ ಸರ್ಕಾರ ಕೊಟ್ಟ ಮದುವೆ ನೋಂದಣಿ ಪತ್ರ ಅಥವಾ ಹೆಸರು ಬದಲಾವಣೆಯ ಗೆಜೆಟ್ ಪ್ರಕಟಣೆ ಬೇಕು. ಕಲ್ಯಾಣ ಮಂಟಪದ ರಸೀದಿ, ಲಗ್ನಪತ್ರಿಕೆ ನಡೆಯುವುದಿಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಯ ಪತ್ರ ಇನ್ನೂ ಮಾಡಿಸಿಲ್ಲ ಅಂದರೆ ಈಗಲೇ ಮಾಡಿಸಿ.

ಹಂತ 2: ಪ್ಯಾನ್ ಜೀವಂತ ಇದೆಯಾ, ಮೊಬೈಲ್ ಅದೇ ಇದೆಯಾ

ಆಧಾರ್ ಜೊತೆ ಲಿಂಕ್ ಆಗದ ಪ್ಯಾನ್‌ಗಳು 2023ರ ಜೂನ್ 30ರ ನಂತರ ನಿಷ್ಕ್ರಿಯ ಆಗಿವೆ. ಕಾರ್ಡ್ ಕೈಯಲ್ಲಿ ಇರುತ್ತದೆ, ನಂಬರ್ ಸರಿ ಇರುತ್ತದೆ, ಆದರೆ ಬ್ಯಾಂಕ್ ಪರೀಕ್ಷಿಸಿದಾಗ ಕೆಂಪು ಬಾವುಟ. ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ಲಾಗಿನ್ ಆಗದೆಯೇ ಲಿಂಕ್ ಸ್ಥಿತಿ ನೋಡಬಹುದು. ಆಗಿಲ್ಲದಿದ್ದರೆ 1,000 ರೂಪಾಯಿ ತಡ ಶುಲ್ಕ ಕಟ್ಟಿ ಲಿಂಕ್ ಮಾಡಿ. ಹೆಸರು ಹೊಂದದಿದ್ದರೆ ಇಲ್ಲೂ ತಕರಾರು ಬರುತ್ತದೆ. ಅದಕ್ಕೇ ಹೆಸರನ್ನು ಮೊದಲು ಹೇಳಿದ್ದು.

ಆಧಾರ್‌ಗೆ ಕೊಟ್ಟ ಮೊಬೈಲ್ ನಂಬರ್ ಯಾವುದು ಅಂತ ನೆನಪಿದೆಯಾ? ಒಟಿಪಿ ಬರುವುದು ಅದಕ್ಕೇ. 2012ರಲ್ಲಿ ಊರಿನ ಶಾಲೆಯಲ್ಲಿ ಕ್ಯೂ ನಿಂತು ಮಾಡಿಸಿದಾಗ ಇದ್ದ ಸಿಮ್ ಈಗ ಇರಲಿಕ್ಕಿಲ್ಲ. ಎಷ್ಟೋ ಮನೆಗಳಲ್ಲಿ ಎಲ್ಲರ ಆಧಾರ್‌ಗೂ ಅಣ್ಣನ ನಂಬರೇ ಇರುತ್ತದೆ. ಆಧಾರ್ ಸೇವಾ ಕೇಂದ್ರಕ್ಕೆ ಅಥವಾ ಆಧಾರ್ ಕೌಂಟರ್ ಇರುವ ಹತ್ತಿರದ ಬೆಂಗಳೂರು ಒನ್, ಕರ್ನಾಟಕ ಒನ್, ಅಂಚೆ ಕಚೇರಿಗೆ ಹೋದರೆ ಬೆರಳಚ್ಚು ತೆಗೆದುಕೊಂಡು ನಂಬರ್ ಬದಲಿಸುತ್ತಾರೆ. ಇದಕ್ಕೆ ದಾಖಲೆ ಬೇಡ. 2025ರ ಅಕ್ಟೋಬರ್‌ನಿಂದ ಶುಲ್ಕ 75 ರೂಪಾಯಿ. ಕಾಯಲು ಆಗದಿದ್ದರೆ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಮೂಲಕ ಪೋಸ್ಟ್‌ಮ್ಯಾನ್ ಕೈಯಲ್ಲೂ ಈ ಕೆಲಸ ಆಗುತ್ತದೆ. ಊರಿನಲ್ಲಿರುವ ವಯಸ್ಸಾದವರಿಗೆ ಇದು ಒಳ್ಳೆಯದು.

ಹಂತ 3: ವಿಳಾಸ

ಆಧಾರ್‌ನಲ್ಲಿ ಊರಿನ ವಿಳಾಸ, 'ಬಸವಣ್ಣನ ಗುಡಿ ಹತ್ತಿರ' ಅಂತ. ಇರುವುದು ಬೆಂಗಳೂರಿನ ಬಾಡಿಗೆ ಮನೆಯಲ್ಲಿ. ಬೆಸ್ಕಾಂ ಬಿಲ್ ಮಾಲೀಕರ ಹೆಸರಿನಲ್ಲಿ. ಇದು ಲಕ್ಷಾಂತರ ಜನರ ಪಾಡು, ಹೆದರಬೇಡಿ.

ಆಧಾರ್ ಮೂಲಕ ಕೆವೈಸಿ ಮಾಡಿ, ಈಗಿನ ವಿಳಾಸ ಬೇರೆ ಅಂದರೆ ನೀವೇ ಬರೆದುಕೊಟ್ಟ ಘೋಷಣೆ ಸಾಕು ಅಂತ ರಿಸರ್ವ್ ಬ್ಯಾಂಕ್ ನಿಯಮ ಹೇಳುತ್ತದೆ. ಅರ್ಜಿಯಲ್ಲಿ 'ಈಗಿನ ವಿಳಾಸ ಬೇರೆ' ಅನ್ನುವ ಜಾಗ ಇದ್ದರೆ ಅದನ್ನು ಬಿಡದೆ ತುಂಬಿ. ಇನ್ನೊಂದು ದಾರಿಯೂ ಇದೆ. ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ವೋಟರ್ ಐಡಿ ಕೊಟ್ಟು ಅದರಲ್ಲಿ ವಿಳಾಸ ಹಳೆಯದಾಗಿದ್ದರೆ, ಎರಡು ತಿಂಗಳ ಒಳಗಿನ ಕರೆಂಟ್, ನೀರು, ಪೈಪ್ ಗ್ಯಾಸ್, ಪೋಸ್ಟ್‌ಪೇಯ್ಡ್ ಮೊಬೈಲ್ ಬಿಲ್ ನಡೆಯುತ್ತದೆ. ಆದರೆ ಮೂರು ತಿಂಗಳ ಒಳಗೆ ಹೊಸ ವಿಳಾಸ ಇರುವ ಮೂಲ ದಾಖಲೆ ಕೊಡಬೇಕು. ಬಾಡಿಗೆ ಮನೆಯವರಿಗೆ ನಿಮ್ಮ ಹೆಸರಿನ ಪೋಸ್ಟ್‌ಪೇಯ್ಡ್ ಬಿಲ್ ಬಹಳ ಉಪಯೋಗ. ಪ್ರಿಪೇಯ್ಡ್‌ನವರಿಗೆ ಆ ಭಾಗ್ಯ ಇಲ್ಲ.

ಆಧಾರ್ ವಿಳಾಸವನ್ನೇ ಬದಲಿಸುವುದಾದರೆ ಆನ್‌ಲೈನ್‌ನಲ್ಲೇ ಆಗುತ್ತದೆ, ಎಷ್ಟು ಸಲ ಬೇಕಾದರೂ ಆಗುತ್ತದೆ. ನಿಮ್ಮ ಹೆಸರಿನಲ್ಲಿ ಒಂದೂ ದಾಖಲೆ ಇಲ್ಲದಿದ್ದರೆ ಗಂಡ, ಹೆಂಡತಿ, ಅಪ್ಪ, ಅಮ್ಮ ಯಾರದ್ದಾದರೂ ವಿಳಾಸ ಸರಿ ಇದ್ದರೆ 'ಕುಟುಂಬದ ಮುಖ್ಯಸ್ಥ' ಅನ್ನುವ ಆಯ್ಕೆ ಬಳಸಿ. ಅವರು 30 ದಿನದ ಒಳಗೆ ಆನ್‌ಲೈನ್‌ನಲ್ಲಿ ಒಪ್ಪಿಗೆ ಕೊಡಬೇಕು. ಮರೆತರೆ ಅರ್ಜಿ ಬಿದ್ದುಹೋಗುತ್ತದೆ.

ಹಂತ 4: ಹಳೆಯ ಕಡತದಲ್ಲಿ ನೀವು ಹೇಗಿದ್ದೀರಿ

ಯಾವತ್ತೋ ಒಂದು ಬ್ಯಾಂಕಿಗೆ ಕೊಟ್ಟ ನಿಮ್ಮ ಕೆವೈಸಿ, ಬೇರೆ ಬ್ಯಾಂಕುಗಳೂ ತೆಗೆದು ನೋಡಬಹುದಾದ ಕೇಂದ್ರ ಕೆವೈಸಿ ದಾಖಲೆಯಲ್ಲಿ ಕೂತಿರುತ್ತದೆ. ಅದಕ್ಕೆ 14 ಅಂಕಿಯ ನಂಬರ್ ಇದೆ. ಹೊಸ ಬ್ಯಾಂಕ್ ಅದನ್ನು ತೆಗೆದು ನೋಡಿದಾಗ ಹತ್ತು ವರ್ಷದ ಹಿಂದಿನ ಹಾಸ್ಟೆಲ್ ವಿಳಾಸ, ಮೀಸೆ ಚಿಗುರದ ಫೋಟೋ ಸಿಗಬಹುದು. ಈಗಿನ ಬ್ಯಾಂಕಿನಲ್ಲಿ ಕೆವೈಸಿ ಹೊಸದು ಮಾಡಿಸಿದರೆ ಅವರು ಅಲ್ಲೂ ತಿದ್ದಬೇಕು.

ಕ್ರೆಡಿಟ್ ವರದಿಯನ್ನೂ ತೆಗೆಯಿರಿ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್, ನಾಲ್ಕೂ ಕಂಪನಿ ವರ್ಷಕ್ಕೊಂದು ಪೂರ್ತಿ ವರದಿ ಪುಕ್ಕಟೆ ಕೊಡಬೇಕು. ಎಲ್ಲರೂ ಸ್ಕೋರ್ ನೋಡಿ ಮುಚ್ಚುತ್ತಾರೆ. ನೀವು ಮೇಲಿನ ಭಾಗ ನೋಡಿ: ಹೆಸರು, ಹುಟ್ಟಿದ ದಿನ, ಫೋನ್ ನಂಬರ್, ವಿಳಾಸ. ನಿಮ್ಮದಲ್ಲದ ಸಾಲ ಅಲ್ಲಿದ್ದರೆ ಅದೇ ಹೆಸರಿನ ಬೇರೆಯವರದ್ದು ಸೇರಿಕೊಂಡಿರಬಹುದು, ಇಲ್ಲವೇ ಯಾರೋ ನಿಮ್ಮ ಪ್ಯಾನ್ ಬಳಸಿರಬಹುದು. ದೂರು ಕೊಟ್ಟು 30 ದಿನದಲ್ಲಿ ಬಗೆಹರಿಯದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅಂತ 2023ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಆದೇಶ ಮಾಡಿದೆ.

ಹಂತ 5: ಅರ್ಜಿ

ಇದು ಸುಲಭ. ಪ್ಯಾನ್‌ನಲ್ಲಿ ಇರುವ ಹೆಸರನ್ನೇ ಬರೆಯಿರಿ, ಆಫೀಸಿನಲ್ಲಿ ಕರೆಯುವ ಹೆಸರನ್ನಲ್ಲ. ಕಾರ್ಡಿನ ಮೇಲೆ ಏನು ಅಚ್ಚಾಗಬೇಕು ಅಂತ ಬೇರೆ ಜಾಗ ಇರುತ್ತದೆ, ಅಲ್ಲಿ ಚಿಕ್ಕದು ಮಾಡಿ. ಒಂದೇ ವಾರ ಐದು ಬ್ಯಾಂಕಿಗೆ ಅರ್ಜಿ ಹಾಕಬೇಡಿ. ಪ್ರತಿಯೊಂದೂ ಕ್ರೆಡಿಟ್ ವರದಿಯಲ್ಲಿ ದಾಖಲಾಗುತ್ತದೆ. ಮಾಲ್‌ನಲ್ಲಿ ಟೇಬಲ್ ಹಾಕಿಕೊಂಡು ಕೂತವರ ಟ್ಯಾಬ್‌ನಲ್ಲಿ ತುಂಬಿಸುವುದಾದರೆ ಅವರು ಟೈಪ್ ಮಾಡಿದ್ದನ್ನು ಓದಿ ನೋಡಿ. ಅವರಿಗೆ ಅವಸರ, ನಿಮಗಲ್ಲ.

ಹಂತ 6: ವಿಡಿಯೋ ಕಾಲ್

ಈಗ ನನ್ನ ಹೆಂಡತಿಯ ಕತೆ. ಶನಿವಾರ ಬೆಳಿಗ್ಗೆ. ನಾನು ಊಟದ ಮೇಜಿನ ಹತ್ತಿರ ಫೋನ್ ಹಿಡಿದು ಕೂತಿದ್ದೆ. ಅವಳು ಹಿಂದೆ ಅವರೆಕಾಯಿ ಸುಲಿಯುತ್ತಿದ್ದಳು. ಪ್ಯಾನ್ ತೋರಿಸಿದೆ, ತಲೆ ಎಡಕ್ಕೆ ಬಲಕ್ಕೆ ತಿರುಗಿಸಿದೆ, ಎಲ್ಲ ಸರಾಗವಾಗಿ ನಡೆಯಿತು. ಆಮೇಲೆ ಆ ಕಡೆಯ ಹುಡುಗಿ ಕೇಳಿದಳು: "ಸರ್, ಆಧಾರ್ ವಿಳಾಸದ ಪಿನ್ ಕೋಡ್ ಹೇಳಿ." ಊರಿನ ಪಿನ್ ಕೋಡ್, ತಟ್ಟನೆ ಬಾಯಿಗೆ ಬರಲಿಲ್ಲ. ಹಿಂದಿನಿಂದ ದನಿ ಬಂತು: "ರೀ, ಐದು ಏಳು ಏಳು..." ಆ ಹುಡುಗಿ ಒಂದು ಕ್ಷಣ ಸುಮ್ಮನಾದಳು. "ನಿಮ್ಮ ಪಕ್ಕದಲ್ಲಿ ಯಾರಿದ್ದಾರೆ ಸರ್?" ಅಂದಳು. ಅಷ್ಟೇ. ಸಂಜೆಗೆ ರಿಜೆಕ್ಟ್ ಆದ ಮೆಸೇಜ್.

ಆಗ ಬ್ಯಾಂಕಿನ ಮೇಲೆ ಕೋಪ ಬಂದಿತ್ತು. ಆಮೇಲೆ ನಿಯಮ ಓದಿದೆ. ಗ್ರಾಹಕರ ಕಡೆಯಿಂದ ಯಾರಾದರೂ ಹೇಳಿಕೊಡುವುದು ಕಂಡರೆ ಅರ್ಜಿ ತಿರಸ್ಕರಿಸಬೇಕು ಅಂತ ಅದರಲ್ಲೇ ಇದೆ. ಕಾರಣವೂ ಸರಿಯಾದದ್ದೇ. ಬೇರೆಯವರ ಹೆಸರಿನಲ್ಲಿ ಕಾರ್ಡ್ ಎತ್ತುವ ಜನ ಪಕ್ಕದಲ್ಲಿ ಕೂತು ಹೇಳಿಕೊಡುತ್ತಾರೆ. ಪ್ರಶ್ನೆಗಳನ್ನು ಒಬ್ಬೊಬ್ಬರಿಗೆ ಒಂದೊಂದು ಥರ ಕೇಳುವುದೂ ಅದಕ್ಕೇ.

ಹಾಗಾಗಿ ಕಾಲ್‌ಗೆ ಮುಂಚೆ ಇಷ್ಟು ಮಾಡಿಕೊಳ್ಳಿ:

- ಒಬ್ಬರೇ ಕೂರಿ, ಬಾಗಿಲು ಹಾಕಿ. ಕಿಟಕಿ ನಿಮ್ಮ ಎದುರಿಗೆ ಇರಲಿ, ಬೆನ್ನಿಗೆ ಬೇಡ.
- ಮೂಲ ಪ್ಯಾನ್ ಕಾರ್ಡ್ ಕೈಯಲ್ಲಿ ಇರಲಿ. ಇ-ಪ್ಯಾನ್ (ಪ್ಯಾನ್‌ನ ಡಿಜಿಟಲ್ ಪ್ರತಿ) ಪ್ರಿಂಟ್ ತೆಗೆದು ತೋರಿಸಿದರೆ ನಡೆಯುವುದಿಲ್ಲ. ಕಾರ್ಡ್ ಕಳೆದಿದ್ದರೆ ಇ-ಪ್ಯಾನ್ ಅನ್ನು ಡಿಜಿಟಲ್ ರೂಪದಲ್ಲೇ ಕೊಡಬೇಕು.
- ಆಧಾರ್ ಫೈಲ್ ಅಪ್‌ಲೋಡ್ ಮಾಡುವುದಾದರೆ ಅದು ಮೂರು ಕೆಲಸದ ದಿನಕ್ಕಿಂತ ಹಳೆಯದಾಗಿರಬಾರದು. ಅವತ್ತೇ ಡೌನ್‌ಲೋಡ್ ಮಾಡಿ.
- ಲೊಕೇಶನ್ ಆನ್ ಮಾಡಿ. ಆಫೀಸ್ ಲ್ಯಾಪ್‌ಟಾಪ್ ಬೇಡ. ಅದರಲ್ಲಿ ವಿಪಿಎನ್ (ಇಂಟರ್ನೆಟ್ ಸಂಪರ್ಕವನ್ನು ಬೇರೆ ಊರಿನ ಮೂಲಕ ಕಳಿಸುವ ವ್ಯವಸ್ಥೆ) ಇದ್ದರೆ ನೀವು ಜಯನಗರದಲ್ಲಿ ಕೂತಿದ್ದರೂ ಸಿಂಗಾಪುರದಲ್ಲಿ ಕಾಣುತ್ತೀರಿ, ಕಾಲ್ ಶುರುವಾಗುವುದೇ ಇಲ್ಲ.
- ಊರಿನ ಪಿನ್ ಕೋಡ್, ಅಪ್ಪನ ಹೆಸರಿನ ಸ್ಪೆಲ್ಲಿಂಗ್, ಕಂಪನಿಯ ಹೆಸರು ಒಮ್ಮೆ ನೆನಪು ಮಾಡಿಕೊಳ್ಳಿ.

ಕಾಲ್ ಮಧ್ಯದಲ್ಲಿ ಕಟ್ ಆದರೆ ಮೊದಲಿಂದ ಮಾಡಬೇಕು, ಅದಕ್ಕೆ ಬೇಜಾರು ಬೇಡ. ಎದುರಿಗಿರುವವರು ಹಿಂದಿಯಲ್ಲಿ ಶುರು ಮಾಡಿ ನಿಮಗೆ ಕಷ್ಟವಾದರೆ ಕನ್ನಡದವರು ಇದ್ದಾರಾ ಅಂತ ಕೇಳಿ. ಅರ್ಥವಾಗದ ಪ್ರಶ್ನೆಗೆ ಹೂಂಗುಟ್ಟುವುದಕ್ಕಿಂತ ಅದು ವಾಸಿ.

ವಿದೇಶದಲ್ಲಿ ಇರುವವರು ಗಮನಿಸಿ: ಭಾರತದ ಒಳಗೆ ಇದ್ದರೆ ಮಾತ್ರ ವಿಡಿಯೋ ಕೆವೈಸಿ. ದುಬೈಯಲ್ಲಿ ಕೂತು ಪ್ರಯತ್ನಿಸಬೇಡಿ, ರಜೆಗೆ ಬಂದಾಗ ಮಾಡಿ.

ಎದುರಿಗಿರುವುದು ಫೋಟೋ ಅಲ್ಲ, ಜೀವಂತ ಮನುಷ್ಯ ಅಂತ ಖಚಿತ ಮಾಡಿಕೊಳ್ಳಲು ಕಣ್ಣು ಮಿಟುಕಿಸಿ ಅಂತ ಹೇಳುವ ಪರೀಕ್ಷೆ ಎಲ್ಲರಿಗೂ ಸಾಧ್ಯವಿಲ್ಲ. ಆಸಿಡ್ ದಾಳಿಗೆ ಒಳಗಾದವರು, ದೃಷ್ಟಿದೋಷ ಇರುವವರು ಸುಪ್ರೀಂ ಕೋರ್ಟ್‌ಗೆ ಹೋದರು. 2025ರ ಏಪ್ರಿಲ್ 30ರಂದು ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಅದರ ನಂತರ ರಿಸರ್ವ್ ಬ್ಯಾಂಕ್ ಕೂಡ ಈ ಪರೀಕ್ಷೆ ಅಂಗವಿಕಲರನ್ನು ಹೊರಗಿಡಬಾರದು ಅಂತ ನಿಯಮ ತಿದ್ದಿತು. ನಿಮ್ಮ ಮನೆಯಲ್ಲಿ ಅಂಥವರಿದ್ದರೆ ಬೇರೆ ವಿಧಾನ ಕೇಳುವುದು ಅವರ ಹಕ್ಕು.

ಮನೆಗೆ ಬಂದು ಮಾಡುವವರಾದರೆ

ಬೆರಳಚ್ಚಿನ ಯಂತ್ರ ತರುತ್ತಾರೆ. ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ (ಬೆರಳಚ್ಚು ಮುಂತಾದ ಗುರುತು) ಲಾಕ್ ಮಾಡಿದ್ದರೆ ಮುಂಚೆಯೇ ತೆಗೆಯಿರಿ, ಮುಗಿದ ಮೇಲೆ ಮತ್ತೆ ಹಾಕಿ. ಹೊಲದಲ್ಲಿ, ಗಾರೆ ಕೆಲಸದಲ್ಲಿ ಸವೆದ ಬೆರಳು ಯಂತ್ರಕ್ಕೆ ಗೊತ್ತಾಗುವುದಿಲ್ಲ. ಕೈ ತೊಳೆದು, ಒರೆಸಿ, ಬೇರೆ ಬೆರಳು ಇಟ್ಟು ನೋಡಿ. ಆಗದಿದ್ದರೆ ಮುಖದ ಗುರುತು ಅಥವಾ ವಿಡಿಯೋ ಕೇಳಿ. ಬಂದವರ ಗುರುತಿನ ಚೀಟಿಯನ್ನು ನೀವೂ ಕೇಳಿ. ಅವರು ನಿಮ್ಮದು ನೋಡುತ್ತಾರಲ್ಲ.

ಕಾಯುವಾಗ ಬರುವ ಕಳ್ಳ ಕರೆ

ಅರ್ಜಿ ಹಾಕಿದ ವಾರದಲ್ಲೇ "ನಿಮ್ಮ ಕೆವೈಸಿ ಪೆಂಡಿಂಗ್ ಇದೆ" ಅಂತ ಕರೆ ಬಂದರೆ ನಂಬುವುದು ಸಹಜ. ಬ್ಯಾಂಕಿನವರು ಪಿನ್, ಸಿವಿವಿ, ಬೇರೆ ಕಾರ್ಡಿನ ಒಟಿಪಿ ಕೇಳುವುದಿಲ್ಲ. ವಾಟ್ಸಾಪ್‌ನಲ್ಲಿ ಎಪಿಕೆ ಫೈಲ್ (ಒತ್ತಿದರೆ ಫೋನಿನಲ್ಲಿ ಆ್ಯಪ್ ಹಾಕುವ ಫೈಲ್) ಕಳಿಸುವುದಿಲ್ಲ. ಸ್ಕ್ರೀನ್ ಹಂಚಿಕೊಳ್ಳುವ ಆ್ಯಪ್ ಹಾಕಿಸುವುದಿಲ್ಲ. ಬ್ಯಾಂಕುಗಳ ಜಾಲತಾಣದ ವಿಳಾಸ ಈಗ 'ಡಾಟ್ ಬ್ಯಾಂಕ್ ಡಾಟ್ ಇನ್' ಅಂತ ಮುಗಿಯುತ್ತದೆ, ಲಿಂಕ್ ಒತ್ತುವ ಮುಂಚೆ ಅದನ್ನು ನೋಡಿ. ದುಡ್ಡು ಹೋಗಿಬಿಟ್ಟರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಮಾರನೇ ದಿನ ನೋಡೋಣ ಅನ್ನಬೇಡಿ.

ರಿಜೆಕ್ಟ್ ಆದರೆ

'ಆಂತರಿಕ ನೀತಿ' ಅನ್ನುವ ಒಂದು ಸಾಲಿಗೆ ಸುಮ್ಮನಾಗಬೇಡಿ. ಅರ್ಜಿ ತಿರಸ್ಕರಿಸಿದರೆ ನಿರ್ದಿಷ್ಟ ಕಾರಣ ಬರವಣಿಗೆಯಲ್ಲಿ ತಿಳಿಸಬೇಕು ಅಂತ ರಿಸರ್ವ್ ಬ್ಯಾಂಕಿನ ಕಾರ್ಡ್ ನಿರ್ದೇಶನದಲ್ಲಿ ಇದೆ. ಇಮೇಲ್ ಹಾಕಿ ಕೇಳಿ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ದಾಖಲೆ ಇರುವುದಿಲ್ಲ. ಮೊದಲ ಸಲ ರಿಜೆಕ್ಟ್ ಆದಾಗ ನನಗೆ ಎರಡನೇ ಇಮೇಲ್‌ಗೆ ಉತ್ತರ ಬಂತು, 'ಹೆಸರು ಹೊಂದುತ್ತಿಲ್ಲ' ಅಂತ. ಆ ಎರಡು ಪದ ಸಿಗದಿದ್ದರೆ ನಾನು ಇನ್ನೂ ಸ್ಕೋರ್ ನೋಡುತ್ತಾ ಕೂತಿರುತ್ತಿದ್ದೆ.

ದೂರು ಕೊಟ್ಟು 30 ದಿನ ಉತ್ತರ ಬರದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಹೋಗಬಹುದು. ಮಾಹಿತಿಗೆ 14448. ಒಂದು ವಿಷಯ ನೆನಪಿರಲಿ: ಕಾರ್ಡ್ ಕೊಡಲೇಬೇಕು ಅಂತ ಅವರು ಬ್ಯಾಂಕಿಗೆ ಹೇಳುವುದಿಲ್ಲ, ಅದು ಬ್ಯಾಂಕಿನ ವ್ಯಾಪಾರದ ತೀರ್ಮಾನ. ಕಾರಣ ಕೊಡದೆ ಇರುವುದು, ದೂರಿಗೆ ಉತ್ತರಿಸದೆ ಇರುವುದು ಮಾತ್ರ ಪ್ರಶ್ನೆ ಮಾಡುವಂಥದ್ದು.

ಕಾರ್ಡ್ ಬಂದ ಮೇಲೆ

ಬ್ಯಾಂಕ್ ಕಾರ್ಡ್ ಇಶ್ಯೂ ಮಾಡಿದ ದಿನದಿಂದ 30 ದಿನದಲ್ಲಿ ಆ್ಯಕ್ಟಿವೇಟ್ ಮಾಡದಿದ್ದರೆ ಬ್ಯಾಂಕ್ ಒಟಿಪಿ ಮೂಲಕ ಒಪ್ಪಿಗೆ ಕೇಳುತ್ತದೆ. ನೀವು ಕೊಡದಿದ್ದರೆ 7 ಕೆಲಸದ ದಿನದಲ್ಲಿ ಖಾತೆ ಮುಚ್ಚುತ್ತಾರೆ, ಅದಕ್ಕೆ ದುಡ್ಡು ಕೇಳುವಂತಿಲ್ಲ. ಇಷ್ಟೆಲ್ಲ ಪಾಡು ಪಟ್ಟು ಅದನ್ನು ಡ್ರಾಯರ್‌ನಲ್ಲಿ ಮರೆಯಬೇಡಿ.

ಕೊರಿಯರ್‌ನವರೂ ಗುರುತಿನ ಚೀಟಿ ಕೇಳಬಹುದು. ಮೂರನೇ ಸಲ ಅರ್ಜಿ ಪಾಸಾಗಿ ನನ್ನ ಕಾರ್ಡ್ ಬಂದಾಗ ಕವರ್ ಮೇಲೆ ಪ್ಯಾನ್‌ನಲ್ಲಿರುವ ಉದ್ದ ಹೆಸರಿತ್ತು. ಬಾಗಿಲು ತೆಗೆದಿದ್ದು ಹೆಂಡತಿ. "ಈ ಹೆಸರಿನವರು ಯಾರು ಮೇಡಂ?" ಅಂತ ಹುಡುಗ ಕೇಳಿದ. ಅವಳು ಬಾಯಿ ಬಿಡಲಿಲ್ಲ, ಒಳಗೆ ಬಂದು ನನ್ನನ್ನು ಕರೆದಳು.